ಬಾರದ ಹೆಜ್ಜಾರ್ಲೆ, ಬಂದ ಮೀನುಸಾರು

ಡ್ಯಾನ್ಯೂಬ್ ನದಿ ಸಮುದ್ರ ಸೇರುವ ಕಡೆಯ ಕವಲುಗಳಲ್ಲಿ, ಜೊಂಡಿನ ನಡುವೆ, ಖಾಯಂ ವಿಳಾಸವಿಲ್ಲದೆ ವಾಸವಾಗಿರುವ ಸಮಸ್ತ ಹೆಜ್ಜಾರ್ಲೆ ಪಕ್ಷಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ಬ್ರಯಿಲಾ ಪಟ್ಟಣದ ಹಡಗು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮೂವತ್ತೊಂದು ವರ್ಷ ತರಕಾರಿ ಹೆಚ್ಚಿ ನಿವೃತ್ತಳಾದ ಲೆಯೊಂತಿನಾ ಎಂಬ ನಾನು, ತಮ್ಮ ವಿಶಾಲವಾದ ರೆಕ್ಕೆಗಳಿಗೂ, ರೆಕ್ಕೆಗಳಿಗಿಂತ ಹೆಚ್ಚು ಹೆಸರುವಾಸಿಯಾದ ಕೊಕ್ಕಿನ ಚೀಲಕ್ಕೂ ಮೊದಲು ನಮಸ್ಕರಿಸಿ, ತಮ್ಮ ಊಟದ ಅಥವಾ ವಿಶ್ರಾಂತಿಯ ಹೊತ್ತಿನಲ್ಲಿ ಅಡ್ಡಬಂದಿದ್ದರೆ ಕ್ಷಮೆಯನ್ನೂ ಕೋರಿ, ಕಳೆದ ಮೇ ತಿಂಗಳ ಮೂರನೆಯ ಶನಿವಾರ ಮತ್ತು ಭಾನುವಾರ ತಾವು ಎಲ್ಲಿದ್ದಿರಿ ಎಂಬ ಒಂದೇ ಒಂದು ಪ್ರಶ್ನೆಯನ್ನು ವಿನಯಪೂರ್ವಕವಾಗಿ ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ನೇರವಾಗಿ ತಮಗೇ ಬರೆಯುವ ದಾರ್ಷ್ಟ್ಯ ನನ್ನದಲ್ಲ. ನಮಗೆ ಪ್ರವಾಸದ ಚೀಟಿ ಕೊಟ್ಟ ಕಚೇರಿಗೆ ಎರಡು ಪುಟದ ದೂರನ್ನು ನಾನೇ ಒಯ್ದು ಕೊಟ್ಟಿದ್ದೆ. ಅಲ್ಲಿ ಕೂತಿದ್ದ ಹೆಣ್ಣುಮಗಳು ಎರಡೂ ಪುಟವನ್ನು ಶ್ರದ್ಧೆಯಿಂದ ಓದಿ, ಕನ್ನಡಕ ತೆಗೆದು ಕೇಳಿದಳು.

"ಬಸ್ಸು ಟೈಮಿಗೆ ಬಂತಾ ಅಮ್ಮಾ?"

"ಬಂತು."

"ದೋಣಿ ಇತ್ತಾ? ಮಲಗೋಕೆ ಹಾಸಿಗೆ?"

"ಎಲ್ಲಾ ಇತ್ತು."

"ಹಂಗಾದ್ರೆ ನಮ್ಮ ಕಡೆಯಿಂದ ತಪ್ಪೇನಿಲ್ಲ ನೋಡಿ. ಹಕ್ಕಿ ಬರಲಿಲ್ಲ ಅಂದ್ರೆ ಅದನ್ನ ಹಕ್ಕಿಗಳನ್ನೇ ಕೇಳ್ಬೇಕು."

ಸರಕಾರಿ ಕಚೇರಿಗಳಲ್ಲೂ ಇಷ್ಟು ಸ್ಪಷ್ಟವಾದ ಉತ್ತರ ನನಗೆ ಯಾವತ್ತೂ ಸಿಕ್ಕಿರಲಿಲ್ಲವಾದ್ದರಿಂದ, ಅವಳ ಮಾತಿಗೆ ಗೌರವ ಕೊಟ್ಟು ತಮ್ಮನ್ನೇ ಕೇಳುತ್ತಿದ್ದೇನೆ.

ಔಷಧಿ ಅಂಗಡಿಯ ಪಕ್ಕದ ಗೋಡೆಯ ಮೇಲಿದ್ದ ತಮ್ಮ ಭಾವಚಿತ್ರವನ್ನು ನೋಡಿಯೇ ನಾನು ಮರುಳಾದದ್ದು. ಅದರಲ್ಲಿ ತಾವು ನೂರಾರು ಮಂದಿ ಒಟ್ಟಿಗೆ ನೀರಿನಿಂದೇಳುತ್ತಿದ್ದಿರಿ. ಕೆಳಗೆ ದಪ್ಪಕ್ಷರದಲ್ಲಿ 'ಎರಡು ದಿನ, ಸಾವಿರ ಹೆಜ್ಜಾರ್ಲೆ, ಮನೆಯಡುಗೆಯ ಮೀನುಸಾರು' ಎಂದಿತ್ತು. ಸಾವಿರ ಎಂಬ ಸಂಖ್ಯೆಯನ್ನು ನಾನು ಅಕ್ಷರಶಃ ನಂಬಲಿಲ್ಲ. ಕ್ಯಾಂಟೀನಿನಲ್ಲಿ ಕೆಲಸ ಮಾಡಿದವಳಿಗೆ ಸಾವಿರ ಊಟವೆಂದರೆ ಎಂಟುನೂರು ತಟ್ಟೆಯೆಂದು ಗೊತ್ತಿರುತ್ತದೆ. ಆದರೆ ಎಂಟುನೂರಕ್ಕೂ ಸೊನ್ನೆಗೂ ನಡುವೆ ಇನ್ನೂ ಎಷ್ಟೋ ಗೌರವಯುತವಾದ ಸಂಖ್ಯೆಗಳಿವೆ ಎಂಬುದನ್ನು ತಮ್ಮ ಗಮನಕ್ಕೆ ತರಲು ಇಚ್ಛಿಸುತ್ತೇನೆ.

ಈ ಪ್ರವಾಸ ನನಗೆ ಬರೀ ಮೋಜಿನ ವಿಷಯವಾಗಿರಲಿಲ್ಲ. ನನಗಿರುವುದು ಇಬ್ಬರೇ ಗೆಳತಿಯರು, ವೆತೂರಿಯಾ ಮತ್ತು ಪ್ರೊಫೀರಾ. ಕ್ಯಾಂಟೀನಿನಲ್ಲಿ ಅವರಿಬ್ಬರೂ ಅಡುಗೆಯವರು. ನಾನು ಹೆಚ್ಚಿ ಕೊಡುತ್ತಿದ್ದೆ, ಅವರು ಒಗ್ಗರಣೆ ಹಾಕುತ್ತಿದ್ದರು. ಒಂದೇ ಒಲೆಯ ಮುಂದೆ ಮೂವತ್ತು ವರ್ಷ ನಿಂತ ಆ ಇಬ್ಬರು ಮೂರು ವರ್ಷದಿಂದ ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದರು.

ಕಾರಣ ತಮ್ಮ ಆಹಾರಕ್ಕೆ ಸಂಬಂಧಿಸಿದ್ದೇ. ವೆತೂರಿಯಾಳ ಮೊಮ್ಮಗನ ದೀಕ್ಷಾಸ್ನಾನದ ಊಟಕ್ಕೆ ಅವಳೇ ಮೀನುಸಾರು ಮಾಡಿದ್ದಳು. ನಮ್ಮ ಕಡೆ ಆ ಸಾರಿಗೆ ಗೋಧಿ ತೌಡನ್ನು ನಾಲ್ಕು ದಿನ ನೆನೆಸಿಟ್ಟು ಹುಳಿ ಬರಿಸಿದ ನೀರನ್ನೇ ಹಾಕಬೇಕು. ಅಂಗಡಿಯಲ್ಲಿ ಪೊಟ್ಟಣದಲ್ಲಿ ಸಿಗುವ, ನೋಡಲು ಸಕ್ಕರೆಯಂತಿರುವ ನಿಂಬೆ ಉಪ್ಪು ಹಾಕುವವರನ್ನು ಅಡುಗೆಯವರೆಂದು ಯಾರೂ ಕರೆಯುವುದಿಲ್ಲ. ಅವತ್ತು ಅರವತ್ತು ಜನರ ಪಂಕ್ತಿಯಲ್ಲಿ, ಪಾದ್ರಿಗಳ ಎದುರಿನಲ್ಲೇ, ಪ್ರೊಫೀರಾ ಒಂದು ಚಮಚ ಬಾಯಿಗಿಟ್ಟು ಚಮಚವನ್ನು ಕೆಳಗಿಟ್ಟಳು. "ನಿಂಬೆ ಉಪ್ಪು," ಎಂದಳು. ಅಷ್ಟೇ. ವೆತೂರಿಯಾ ಸಾರಿನ ರುಚಿಯನ್ನೂ ನೋಡದೆ ಕೂಸನ್ನು ಎದೆಗವಚಿಕೊಂಡು, "ಈ ಮಗುವಿನಾಣೆ, ನಾನು ಹಾಕಿಲ್ಲ," ಎಂದಳು. ಇವಳು ತನ್ನ ನಾಲಿಗೆಯನ್ನು ಬಿಡಲಿಲ್ಲ, ಅವಳು ತನ್ನ ಆಣೆಯನ್ನು ಬಿಡಲಿಲ್ಲ. ಕಳೆದ ಚಳಿಗಾಲದಲ್ಲಿ ಪ್ರೊಫೀರಾಳ ಗಂಡ ಸಾಂದು ತೀರಿಕೊಂಡಾಗಲೂ ವೆತೂರಿಯಾ ಆ ಮನೆಯ ಹೊಸ್ತಿಲು ತುಳಿಯಲಿಲ್ಲ.

ಇವರನ್ನು ಒಂದುಗೂಡಿಸಲೇಬೇಕೆಂದು ನಾನು ಪಟ್ಟು ಹಿಡಿದದ್ದಕ್ಕೆ ನನ್ನದೇ ಒಂದು ಕಾರಣವಿತ್ತು. ಅದನ್ನು ದೋಣಿ ಕೆಟ್ಟು ನಿಂತ ಜಾಗಕ್ಕೆ ಬಂದಾಗ ಹೇಳುತ್ತೇನೆ. ಸದ್ಯಕ್ಕೆ ತಾವು ತಿಳಿಯಬೇಕಾದದ್ದಿಷ್ಟು: ಇನ್ನೊಬ್ಬಳು ಬರುವುದಿಲ್ಲವೆಂದು ಇಬ್ಬರಿಗೂ ಪ್ರತ್ಯೇಕವಾಗಿ ಸುಳ್ಳು ಹೇಳಿ, ಇಬ್ಬರನ್ನೂ ಒಂದೇ ಬಸ್ಸಿಗೆ ಹತ್ತಿಸಿದೆ. ದೋಣಿಗಳು ಹೊರಡುವ ತುಲ್ಚಾ ಪಟ್ಟಣ ತಲುಪುವವರೆಗೆ ನಾನು ನಡುವೆ ಕೂತು ತಂತಿ ಕಂಬದ ಕೆಲಸ ಮಾಡಿದೆ.

"ಲೆಯೊಂತಿನಾ, ಆ ಹೆಂಗಸಿಗೆ ಹೇಳು, ಕಿಟಕಿ ಮುಚ್ಚಲಿ ಅಂತ," ಎಂದಳು ಪ್ರೊಫೀರಾ.

"ಲೆಯೊಂತಿನಾ, ಅವಳಿಗೆ ಹೇಳು, ಬೆವರ್ತಾ ಇರೋರಿಗೆ ಕಿಟಕಿ ಬೇಕು ಅಂತ. ಹೆಣದ ಥರ ತಣ್ಣಗಿರೋರಿಗೆ ಬೇಡ."

ಸಾವಿರ ಹೆಜ್ಜಾರ್ಲೆಗಳು ಒಮ್ಮೆಲೇ ಎದ್ದರೆ ಯಾರಾದರೂ ಪಕ್ಕದವರ ತೋಳು ಹಿಡಿದು 'ನೋಡೇ ಅಲ್ಲಿ' ಎನ್ನಲೇಬೇಕು, ಪಕ್ಕದಲ್ಲಿ ಯಾರಿದ್ದಾರೆಂದು ನೋಡುವಷ್ಟು ವ್ಯವಧಾನ ಆಗ ಯಾರಿಗಿರುತ್ತದೆ ಎಂಬುದು ನನ್ನ ಲೆಕ್ಕಾಚಾರವಾಗಿತ್ತು. ನನ್ನ ಯೋಜನೆಯಲ್ಲಿ ತಮ್ಮ ಪಾತ್ರ ಅದೊಂದೇ. ತೋಳು ಹಿಡಿಸುವುದು. ಹೆಚ್ಚು ಕೇಳಿದೆನೆಂದು ಈಗಲೂ ನನಗನ್ನಿಸುವುದಿಲ್ಲ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೇ ನಾವು ಸ್ತುಫಾರು ಎಂಬ ಹಳ್ಳಿಯ ಕಟ್ಟೆಯಲ್ಲಿ ದೋಣಿಗಾಗಿ ನಿಂತಿದ್ದೆವು. ದೋಣಿಯವನು ತೆರೆಂತೆ, ಎದೆಯವರೆಗೆ ಬಿಳಿ ಗಡ್ಡ ಬಿಟ್ಟ ಎಪ್ಪತ್ತರ ಮುದುಕ, ನಮ್ಮನ್ನು ಕೂರಿಸಿಕೊಂಡು ಎರಡು ಗಂಟೆ ಜೊಂಡಿನ ಸಂದುಗೊಂದಿಯಲ್ಲೆಲ್ಲ ಸುತ್ತಿಸಿದ. ನಮಗೆ ದರ್ಶನ ಕೊಟ್ಟವರ ಪಟ್ಟಿ ಹೀಗಿದೆ: ಕಂಬದ ಮೇಲೆ ರೆಕ್ಕೆ ಒಣಗಿಸುತ್ತಿದ್ದ ಒಂದು ನೀರುಕಾಗೆ, ಹೊಟ್ಟೆಯವರೆಗೆ ನೀರಿನಲ್ಲಿ ನಿಂತು ನಮ್ಮನ್ನೇ ಪ್ರವಾಸಿ ತಾಣವೆಂಬಂತೆ ನೋಡಿದ ಒಂದು ಹಸು, ಮತ್ತು ಸೊಳ್ಳೆಗಳು. ಸೊಳ್ಳೆಗಳ ಶಿಸ್ತನ್ನು ಇಲ್ಲಿ ಪ್ರಶಂಸಿಸದಿದ್ದರೆ ತಪ್ಪಾಗುತ್ತದೆ. ಅವು ಹೇಳಿದ ಸಮಯಕ್ಕೆ, ಹೇಳಿದ ಸಂಖ್ಯೆಯಲ್ಲಿ ಬಂದವು.

"ಹಕ್ಕಿ ಎಲ್ಲಣ್ಣಾ?" ಎಂದು ನಾನು ಕೇಳಿದೆ.

"ಮೀನಿದ್ದ ಕಡೆ ಇರ್ತಾವಮ್ಮಾ. ಇಲ್ಲಿ ಮೀನೆಲ್ಲಿದೆ," ಎಂದ ತೆರೆಂತೆ.

ಇದಾದ ಮೇಲೆ ಪ್ರವಾಸದ ಚೀಟಿಯಲ್ಲಿದ್ದ ವಸ್ತುಸಂಗ್ರಹಾಲಯಕ್ಕೆ ಹೋದೆವು. ಅದು ಒಂದು ಕೋಣೆ. ಅದರಲ್ಲಿ ಒಂದು ಹರಿದ ಬಲೆ, ಒಂದು ಲಂಗರು, ಮತ್ತು ಹುಲ್ಲು ತುಂಬಿ ನಿಲ್ಲಿಸಿದ ತಮ್ಮ ದಿವಂಗತ ಬಂಧುವೊಬ್ಬರು. ಅವರಿಗೆ ಒಂದು ಗಾಜಿನ ಕಣ್ಣು, ಇನ್ನೊಂದು ಕೋಟಿನ ಗುಂಡಿ. ಎರಡು ದಿನಗಳಲ್ಲಿ ನಾವು ಕಂಡ ಹೆಜ್ಜಾರ್ಲೆ ಅವರೊಬ್ಬರೇ ಆದ್ದರಿಂದ, ಮೂವರೂ ಅವರೆದುರು ತುಂಬಾ ಹೊತ್ತು ನಿಂತೆವು.

"ಅವಳಿಗೆ ಹೇಳು," ಎಂದಳು ವೆತೂರಿಯಾ ಕೊನೆಗೆ, "ಇದು ನಮ್ಮ ಕ್ಯಾಂಟೀನ್ ಮ್ಯಾನೇಜರ್ ಥರಾನೇ ಇದೆ ಅಂತ."

ಪ್ರೊಫೀರಾ ತಲೆ ವಾರೆ ಮಾಡಿ ನೋಡಿದಳು. "ಅವಳಿಗೆ ಹೇಳು, ಮ್ಯಾನೇಜರಿಗೆ ಕತ್ತೇ ಇರಲಿಲ್ಲ ಅಂತ."

ನನ್ನ ಎದೆ ಹಗುರಾಯಿತು. ಆ ದಿವಂಗತರು ಸತ್ತ ಮೇಲೂ ಮಾಡಿದಷ್ಟು ಉಪಕಾರವನ್ನು ಬದುಕಿರುವ ತಾವು ಮಾಡಲಿಲ್ಲ.

ಇನ್ನು ಊಟದ ವಿಷಯ. ನಾವು ಇಳಿದುಕೊಂಡಿದ್ದ ಮನೆಯ ಒಡತಿ, ಕೆಂಪು ಕೆನ್ನೆಯ ದೊಡ್ಡ ಹೆಂಗಸು, ಮೆಕ್ಕೆಜೋಳದ ಮುದ್ದೆ, ಬೆಳ್ಳುಳ್ಳಿ ಗೊಜ್ಜು ಮತ್ತು ಹೊಗೆಯಾಡುವ ಮೀನುಸಾರು ತಂದಿಟ್ಟಳು. ಸಾರಿನಲ್ಲಿದ್ದ ಮೀನು, ಅಂಚುಗಳನ್ನು ನೇರವಾಗಿ ಕತ್ತರಿಸಿದ ಇಟ್ಟಿಗೆಯ ಆಕಾರದಲ್ಲಿತ್ತು. ಯಾವ ನದಿಯಲ್ಲೂ ಚೌಕಾಕಾರದ ಮೀನು ಹುಟ್ಟುವುದಿಲ್ಲವೆಂದು ತಮಗಿಂತ ಚೆನ್ನಾಗಿ ಬಲ್ಲವರು ಯಾರು. ಕೇಳಿದರೆ ಒಡತಿ ನಿಟ್ಟುಸಿರು ಬಿಟ್ಟಳು.

"ಏನ್ಮಾಡೋದಕ್ಕಾ, ಪೆಟ್ಟಿಗೇಲಿ ಬರೋ ಐಸ್ ಮೀನೇ ಗತಿ. ಇಲ್ಲಿರೋದನ್ನೆಲ್ಲ ಹೆಜ್ಜಾರ್ಲೆ ತಿಂದು ಮುಗಿಸ್ತಾವೆ."

ಮೀನಿಲ್ಲವೆಂದು ಹೆಜ್ಜಾರ್ಲೆ ಬರುವುದಿಲ್ಲ, ಹೆಜ್ಜಾರ್ಲೆ ಬಂದು ಮೀನು ಉಳಿಸುವುದಿಲ್ಲ. ಈ ಎರಡು ಹೇಳಿಕೆಗಳನ್ನು ಒಂದೇ ದಿನ, ಒಂದೇ ಊರಿನಲ್ಲಿ ಸತ್ಯವಾಗಿರುವಂತೆ ನಿರ್ವಹಿಸಿದ ತಮ್ಮ ಆಡಳಿತ ಸಾಮರ್ಥ್ಯಕ್ಕೆ ನಾನು ತಲೆಬಾಗುತ್ತೇನೆ.

ಆಮೇಲೆ ನಡೆದದ್ದು ತಮಾಷೆಯಲ್ಲ. ವೆತೂರಿಯಾ ಮತ್ತು ಪ್ರೊಫೀರಾ ಮೇಜಿನ ಆಚೆ ಈಚೆ ಕೂತು, ಕ್ಯಾಂಟೀನಿನಲ್ಲಿ ಪ್ರತಿದಿನ ಹನ್ನೊಂದೂವರೆಗೆ ರುಚಿ ನೋಡುತ್ತಿದ್ದಂತೆಯೇ, ಒಂದೇ ಗಳಿಗೆಗೆ ಚಮಚ ಬಾಯಿಗಿಟ್ಟು ಒಂದೇ ಗಳಿಗೆಗೆ ಕೆಳಗಿಟ್ಟರು.

"ನಿಂಬೆ ಉಪ್ಪು," ಎಂದರು ಇಬ್ಬರೂ.

ಮೂರು ವರ್ಷದಲ್ಲಿ ಅವರು ನೇರವಾಗಿ ಮುಖ ನೋಡಿಕೊಂಡದ್ದು ಅದೇ ಮೊದಲು. ನಾನು ಮನಸ್ಸಿನಲ್ಲೇ ಶಿಲುಬೆಯ ಗುರುತು ಮಾಡಿಕೊಂಡೆ. ತುಂಬಾ ಬೇಗ ಮಾಡಿಕೊಂಡೆ.

"ನಂಗೂ ಗೊತ್ತಾಗತ್ತೆ ನೋಡು," ಎಂದಳು ವೆತೂರಿಯಾ. "ನಿಂಬೆ ಉಪ್ಪು ಅಂದ್ರೆ ಏನು ಅಂತ ಗೊತ್ತಿರೋಳು ಮೊಮ್ಮಗನ ಊಟಕ್ಕೆ ಅದನ್ನ ಹಾಕ್ತಾಳಾ? ಹೇಳು."

"ನನ್ನ ನಾಲಿಗೆಗೆ ಸಿಕ್ಕಿದ್ದು ಇದೇ ರುಚಿ. ನಾಲಿಗೆ ಕತ್ತರಿಸಿ ಬಿಸಾಕ್ಲಾ?"

"ಮಗು ಮೇಲೆ ಆಣೆ ಇಟ್ಟೆ ಕಣೇ ನಾನು. ಅದಕ್ಕೆ ಎರಡು ದಿನ ಜ್ವರ ಬಂದ್ರೂ ಸಾಕು, ನಿನ್ನ ಮಾತು ನಿಜ ಆಗೋಗತ್ತೇನೋ ಅಂತ ಎದೆ ಹೊಡ್ಕೊಳತ್ತೆ."

ಅಷ್ಟು ಹೇಳಿ ಅವಳು ಮುದ್ದೆಯ ತಟ್ಟೆಯನ್ನು ದೂರ ತಳ್ಳಿ ಹೊರಗೆ ಹೋದಳು. ಪ್ರೊಫೀರಾ ಕೂತಲ್ಲೇ ಕೂತಿದ್ದಳು. ನಾನು ಮಾತ್ರ ಆ ಚೌಕ ಮೀನನ್ನು ತಿಂದೆ. ತಲೆ ಎತ್ತಲು ಧೈರ್ಯವಿಲ್ಲದವರಿಗೆ ತಿನ್ನುವುದೊಂದೇ ದಾರಿ.

ಭಾನುವಾರ ತಮಗೆ ಎರಡನೆಯ ಅವಕಾಶ ಕೊಟ್ಟೆವು. ತೆರೆಂತೆ ಈ ಸಲ ನಮ್ಮನ್ನು ಇನ್ನೂ ಒಳಗಿನ ಕೆರೆಯೊಂದಕ್ಕೆ ಕರೆದೊಯ್ಯುತ್ತೇನೆಂದ. ಅರ್ಧ ದಾರಿಯಲ್ಲಿ ನೀರಿನ ಬಳ್ಳಿ ಯಂತ್ರದ ರೆಕ್ಕೆಗೆ ಸುತ್ತಿಕೊಂಡು ಏನೋ ಟಣ್ಣೆಂದಿತು. ಯಂತ್ರ ನಿಂತಿತು. ತೆರೆಂತೆ ಫೋನಿನಲ್ಲಿ ತನ್ನ ಅಳಿಯನನ್ನು ಕರೆದು, "ಬರ್ತಾನೆ. ಚರ್ಚಿನಿಂದ ಬಂದು, ಊಟ ಮಾಡಿ ಬರ್ತಾನೆ," ಎಂದು ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡ.

ಗಾಳಿಯಿಲ್ಲ. ಸುತ್ತ ಆಳೆತ್ತರದ ಜೊಂಡು. ವೆತೂರಿಯಾ ಮುಂದಿನ ಹಲಗೆಯಲ್ಲಿ, ಪ್ರೊಫೀರಾ ಹಿಂದಿನ ಹಲಗೆಯಲ್ಲಿ, ನಾನು ನಡುವೆ. ಒಂದು ಗಂಟೆ ಯಾರೂ ಮಾತಾಡಲಿಲ್ಲ. ಮಾನ್ಯರೇ, ಆ ಒಂದು ಗಂಟೆಯಲ್ಲಿ ತಮ್ಮಲ್ಲಿ ಯಾರಾದರೂ ಒಬ್ಬರು, ವಯಸ್ಸಾದವರಾಗಲಿ, ರೆಕ್ಕೆ ಮುರಿದವರಾಗಲಿ, ದಾರಿ ತಪ್ಪಿ ಬಂದವರಾಗಲಿ, ತಲೆಯ ಮೇಲೆ ಹಾದುಹೋಗಿದ್ದರೂ ನಾನು ಬೆರಳೆತ್ತಿ ತೋರಿಸಿ ಬಚಾವಾಗುತ್ತಿದ್ದೆ. ಯಾರೂ ಬರಲಿಲ್ಲ. ನೋಡಲು ಏನೂ ಇಲ್ಲದ ಕಡೆ ಮನುಷ್ಯರು ತಮ್ಮನ್ನೇ ನೋಡಿಕೊಳ್ಳಬೇಕಾಗುತ್ತದೆ.

"ಅವತ್ತು ನಿಂಬೆ ಉಪ್ಪು ಹಾಕಿದ್ದು ನಾನು," ಎಂದೆ.

ಇಬ್ಬರೂ ನನ್ನನ್ನು ನೋಡಿದರು. ತೆರೆಂತೆ ಟೋಪಿಯನ್ನು ಒಂದು ಕಣ್ಣಿನಷ್ಟು ಸರಿಸಿದ.

ನಾನು ಹೇಳಿದೆ. ವೆತೂರಿಯಾ ಸಾರನ್ನು ಕುದಿಯಲಿಟ್ಟು, ನನ್ನನ್ನು ಕಾವಲಿರಿಸಿ, ಮಗುವಿನ ಜೊತೆ ಮುಂಚಿತವಾಗಿ ಚರ್ಚಿಗೆ ಹೋಗಿದ್ದಳು. ಕೊನೆಗೆ ತೌಡಿನ ಹುಳಿ ಹಾಕಿ ಇಳಿಸು ಎಂದಿದ್ದಳು. ಅಟ್ಟದಿಂದ ಜಾಡಿ ಇಳಿಸುವಾಗ ಮೊಣಕೈ ಬಾಗಿಲಿಗೆ ತಾಗಿತು. ನಾಲ್ಕು ದಿನದ ಹುಳಿ ನೆಲದ ಪಾಲಾಯಿತು. ಅಷ್ಟರಲ್ಲಿ ಚರ್ಚಿನ ಗಂಟೆಯೂ ಹೊಡೆಯಿತು, ಅರವತ್ತು ಜನ ಬರುವವರಿದ್ದರು. ನಾನು ನೆಲ ಒರೆಸಿ, ಎದುರು ಮನೆಯಿಂದ ಪೊಟ್ಟಣ ಇಸಿದುಕೊಂಡು ಬಂದು, ಎರಡು ಚಮಚ ಹಾಕಿದೆ. ನನ್ನ ಬಾಯಿಗೆ ಚೆನ್ನಾಗಿಯೇ ಇತ್ತು. ನಾನು ಹೆಚ್ಚುವವಳು, ರುಚಿ ನೋಡುವವಳಲ್ಲ. ಪಂಕ್ತಿಯಲ್ಲಿ ಮಾತು ಬೆಳೆದಾಗ ಬಾಯಿ ಬಿಡಬೇಕಿತ್ತು, ನಾಳೆ ಹೇಳೋಣ ಎಂದುಕೊಂಡೆ. ನಾಳೆ ಎಂಬುದು ಮೂರು ವರ್ಷವಾಯಿತು.

"ಜಾಡಿ ಏನಾಯ್ತು ಅಂದೆ?" ಎಂದು ವೆತೂರಿಯಾ ಮೆಲ್ಲಗೆ ಕೇಳಿದಳು.

"ಒಡೀತು. ಚೂರುಗಳನ್ನ ನಾನೇ ಹೊರಗೆ ಎಸೆದೆ."

"ಅಮ್ಮನ ಜಾಡಿನಾ? ಅದನ್ನ ನಮ್ಮ ನಾದಿನಿ ಎತ್ಕೊಂಡು ಹೋದ್ಲು ಅಂತ ನಾನು ಅವಳ ಮನೇಗೆ ಹೋಗೋದೇ ಬಿಟ್ಟಿದೀನಲ್ಲೇ."

ಇದು ನನಗೂ ಹೊಸ ಸಮಾಚಾರ. ಪ್ರೊಫೀರಾ ನನ್ನ ಭುಜದ ಮೇಲಿಂದ ಅವಳನ್ನು ನೋಡುತ್ತಿದ್ದಳು.

"ನನ್ನ ನಾಲಿಗೆ ಸುಳ್ಳು ಹೇಳಿರಲಿಲ್ಲ, ವೆತೂರಿಯಾ."

"ನಾನೂ ಹೇಳಿರಲಿಲ್ಲ."

"ಇಲ್ಲ. ನೀನೂ ಹೇಳಿರಲಿಲ್ಲ."

ಆಮೇಲೆ ವೆತೂರಿಯಾ, ನೀರನ್ನು ನೋಡುತ್ತಲೇ ಹೇಳಿದಳು.

"ಸಾಂದು ಮಣ್ಣಿಗೆ ನಾನು ಬಂದಿದ್ದೆ. ಗೇಟಿನ ಹೊರಗೆ ನಿಂತಿದ್ದೆ."

"ನೋಡ್ದೆ."

"ನೋಡಿದ್ಯಾ?"

"ನಿನ್ನ ಆ ಹಸಿರು ಕೋಟು ಒಂದು ಮೈಲಿಯಿಂದ ಕಾಣತ್ತೆ ಕಣೇ. ಒಳಗೆ ಬರ್ತೀಯೇನೋ ಅಂತ ಪಾದ್ರಿನ ಐದು ನಿಮಿಷ ಕಾಯಿಸ್ದೆ."

ವೆತೂರಿಯಾ ಎದ್ದಳು. ದೋಣಿ ಹೊಯ್ದಾಡಿತು. ನನ್ನನ್ನು ಮೂಟೆಯೊಂದನ್ನು ದಾಟುವಂತೆ ದಾಟಿ ಹಿಂದಿನ ಹಲಗೆಗೆ ಹೋಗಿ ಪ್ರೊಫೀರಾಳ ಪಕ್ಕ ಕೂತಳು. ಇಬ್ಬರೂ ಗಾತ್ರದವರು, ದೋಣಿಯ ಹಿಂಭಾಗ ತಗ್ಗಿ ನೀರು ಅಂಚಿಗೆ ಬಂತು. ತೆರೆಂತೆ ಎದ್ದು ಕೂತು, "ಯಾರಾದ್ರೂ ಒಬ್ರು ಮುಂದೆ ಹೋಗ್ರಮ್ಮಾ, ಮುಳುಗ್ತೀವಿ," ಎಂದ.

"ಇವಳು ಹೋಗಲಿ," ಎಂದು ಇಬ್ಬರೂ ನನ್ನತ್ತ ಗದ್ದ ತೋರಿಸಿದರು.

ಹೀಗೆ ನಾನು ದೋಣಿಯ ಮೂತಿಯಲ್ಲಿ ಒಬ್ಬಳೇ ಕೂತೆ. ಹಿಂದೆ ಅವರು ರೊಟ್ಟಿಯ ಗಂಟು ಬಿಚ್ಚಿ ಎರಡು ಪಾಲು ಮಾಡಿ ತಿಂದರು. ಅತ್ತರು, ನಕ್ಕರು, ಮತ್ತೆ ಅತ್ತರು, ಮೂರು ವರ್ಷದ ಸುದ್ದಿಯನ್ನೆಲ್ಲ ಒಪ್ಪಿಸಿಕೊಂಡರು. ತೆರೆಂತೆ ನನಗೆ ತನ್ನ ಊಟದಿಂದ ಅರ್ಧ ಈರುಳ್ಳಿ ಕೊಟ್ಟ. ಅಳಿಯ ಬರುವ ಹೊತ್ತಿಗೆ ನಾಲ್ಕು ಗಂಟೆ.

ಈಗ ನನ್ನ ಕೋರಿಕೆಗಳಿಗೆ ಬರುತ್ತೇನೆ. ಇನ್ನು ಮುಂದೆ ತಾವು ಶನಿವಾರಗಳಂದು ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ, ಕನಿಷ್ಠ ಮೂವತ್ತು ಮಂದಿ, ಕೊಕ್ಕು ತೊಳೆದುಕೊಂಡು, ಕಟ್ಟೆಯ ಎದುರೇ ಹಾಜರಿರಬೇಕು; ಅನಿವಾರ್ಯ ಕಾರಣಗಳಿಂದ ಬರಲಾಗದಿದ್ದಲ್ಲಿ ಹಿಂದಿನ ದಿನವೇ ನೀರುಕಾಗೆಯ ಮೂಲಕ ತಿಳಿಸಬೇಕು; ಹೊಟ್ಟೆ ತುಂಬಿದ ಮೇಲೂ ಚೀಲದಲ್ಲಿ ಉಳಿದ ಮೀನನ್ನು, ಗುಂಡಗಿರಲಿ ಉದ್ದವಿರಲಿ, ಆ ಒಡತಿಯ ಅಡುಗೆಮನೆಯ ಕಿಟಕಿಯಲ್ಲಿ ಇಳಿಸಿ ಹೋಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೆಟ್ಟು ನಿಂತ ದೋಣಿಯ ಮೇಲೆ ಗಂಟೆಗೊಮ್ಮೆಯಾದರೂ ಯಾರಾದರೂ ಹಾರಬೇಕು, ಏಕೆಂದರೆ ಅದರಲ್ಲಿ ನನ್ನಂಥವರು ಯಾರಿರುತ್ತಾರೋ ತಮಗೆ ತಿಳಿಯದು.

ತಮ್ಮ ಗೈರುಹಾಜರಿಯ ಪರಿಣಾಮವನ್ನೂ ದಾಖಲಿಸಿ ಮುಗಿಸುತ್ತೇನೆ. ಊರಿಗೆ ಬಂದ ಮೇಲೆ ಮೂರು ವಾರ ಅವರಿಬ್ಬರೂ ನನ್ನೊಡನೆ ಮಾತಾಡಲಿಲ್ಲ. ತೋಳಿಗೆ ತೋಳು ಸೇರಿಸಿ ಸಂತೆಗೆ ಹೋಗುವುದನ್ನು ನನ್ನ ಕಿಟಕಿಯಿಂದ ನೋಡಿದೆ. ನಾದಿನಿಯ ಮನೆಗೂ ಕೇಕು ಹಿಡಿದು ಹೋಗಿ ಬಂದರಂತೆ. ಸಂತೋಷವಾಯಿತು, ಕಿಟಕಿಯ ಗಾಜಿಗೆ ಮೂಗು ಒತ್ತಿಕೊಂಡು ಪಟ್ಟ ಸಂತೋಷವೂ ಸಂತೋಷವೇ ಎಂದು ಹೇಳಿಕೊಂಡೆ. ಆ ಮೂರು ವಾರ ನಾನು ಏನು ಬೇಯಿಸಿಕೊಂಡರೂ ಒಂದೇ ತಟ್ಟೆ ತೊಳೆಯುವುದಿರುತ್ತಿತ್ತು.

ನಾಲ್ಕನೆಯ ಗುರುವಾರ ಬಾಗಿಲು ತಟ್ಟಿದ ಸದ್ದಾಯಿತು. ಪ್ರೊಫೀರಾ ಈರುಳ್ಳಿ ಚೀಲ ಹೊತ್ತು ನಿಂತಿದ್ದಳು, ವೆತೂರಿಯಾಳ ಕಂಕುಳಲ್ಲಿ ಹೊಸದೊಂದು ಜಾಡಿ.

"ಚಾಕು ಎಲ್ಲಿಟ್ಟಿದೀಯ?" ಎಂದಳು ಪ್ರೊಫೀರಾ.

"ಮಾತಾಡ್ತಿದೀರಾ ನನ್ನ ಹತ್ರ?"

"ಇನ್ನೂ ಇಲ್ಲ. ಹೆಚ್ಚು, ಆಮೇಲೆ ನೋಡೋಣ."

ಅಂದಿನಿಂದ ಗುರುವಾರದ ಅಡುಗೆ ನನ್ನ ಮನೆಯಲ್ಲಿ. ನನಗೆ ಒಂದು ವರ್ಷದ ಶಿಕ್ಷೆಯಾಗಿದೆ: ಈರುಳ್ಳಿ ನಾನೇ ಹೆಚ್ಚಬೇಕು, ನನ್ನದೇ ಒಲೆಯಿಂದ ಮೂರು ಹೆಜ್ಜೆ ದೂರವಿರಬೇಕು, ಜಾಡಿಯ ಹತ್ತಿರ ಮೊಣಕೈ ತರಬಾರದು. ಕಣ್ಣಲ್ಲಿ ನೀರು ಬಂದರೆ ಈರುಳ್ಳಿಯದೆಂದೇ ಎಲ್ಲರೂ ಒಪ್ಪಿಕೊಂಡಿದ್ದೇವೆ.

ತಾವು ಬಂದಿದ್ದರೆ ಇದಾವುದೂ ಆಗುತ್ತಿರಲಿಲ್ಲ ಎಂಬುದೇ ನನ್ನ ಅಧಿಕೃತ ದೂರು. ಅದರ ಉಳಿದರ್ಧವನ್ನು ತಾವೇ ಊಹಿಸಿಕೊಳ್ಳಬೇಕಾಗಿ ವಿನಂತಿ.

ತಮ್ಮನ್ನು ಇನ್ನೂ ಕಣ್ಣಾರೆ ಕಾಣದ, ಕಾಣದಿದ್ದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದ,

ಲೆಯೊಂತಿನಾ
ಬ್ರಯಿಲಾ

ತಾ.ಕ.: ಔಷಧಿ ಅಂಗಡಿಯ ಗೋಡೆಯಿಂದ ತಮ್ಮ ಚಿತ್ರವನ್ನು ಕಿತ್ತು ಅಲ್ಲಿ ಕಾಡುಕುದುರೆಗಳ ಚಿತ್ರ ಅಂಟಿಸಿದ್ದಾರೆ, ತಮಗೆ ಬೇಸರವಾಗಬಾರದೆಂದು ನಾನೇ ತಿಳಿಸುತ್ತಿದ್ದೇನೆ. ಮುಂದಿನ ತಿಂಗಳು ಮೂವರೂ ಅವುಗಳನ್ನು ನೋಡಲು ಹೊರಟಿದ್ದೇವೆ. ಕುದುರೆಗಳು ಬಂದರೂ ಸರಿ, ಬಾರದಿದ್ದರೂ ಸರಿ. ಒಪ್ಪಿಕೊಳ್ಳಲು ನನ್ನ ಬಳಿ ಇನ್ನೇನೂ ಉಳಿದಿಲ್ಲ. ಆದರೆ ಆ ಪ್ರವಾಸದಲ್ಲಿ ದೋಣಿ ಇರುತ್ತದೆಯೇ ಎಂದು ಪ್ರೊಫೀರಾ ನಿನ್ನೆಯಿಂದ ನನ್ನನ್ನು ಗುಟ್ಟಾಗಿ ಮೂರು ಸಲ ಕೇಳಿದ್ದಾಳೆ.